ತಿಳಿನೀರಿನ ತೊಟ್ಟಿ

ಮೋಟಾರಣ್ಣ ಕೆಟ್ಟವನು ಅಂತ ಯಾರೂ ಅನ್ನಬೇಡಿ. ಕೆಟ್ಟವನಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಮೈಗಳ್ಳನಾಗಿದ್ದರಂತೂ ಖಂಡಿತ ಆಗುತ್ತಿರಲಿಲ್ಲ. ಅಚ್ಚುಕಟ್ಟು ಅವನ ರೋಗ. ಉಂಡ ತಟ್ಟೆ ಅವನೇ ತೊಳೆಯಬೇಕು, ಪಂಪಿನ ಮೈಮೇಲೆ ಎಣ್ಣೆ ಕಲೆ ಕಂಡರೆ ಅಂಗಿಯ ತುದಿಯಿಂದಾದರೂ ಒರೆಸಬೇಕು. ಇಪ್ಪತ್ತೆರಡು ವರ್ಷ ಪಂಪು, ಮೋಟಾರುಗಳ ಜೊತೆಗೇ ಸಂಸಾರ ಮಾಡಿದವನಿಗೆ ಹೆಂಡತಿ ಮಕ್ಕಳು ಅಂತ ಇಲ್ಲ. ಇರೋದು ಒಬ್ಬಳು ಅಕ್ಕ, ಒಬ್ಬ ಭಾವ. ಆ ಅಕ್ಕನ ಹಿತ್ತಿಲ ಗೋಡೆಯಿಂದ ಹನ್ನೆರಡು ಹೆಜ್ಜೆ ಆಚೆಗೆ ಅವನ ಪಂಪು ಐದು ತಿಂಗಳಿಂದ ಹಗಲೂ ರಾತ್ರಿ ನೀರೆಳೆಯುತ್ತಿತ್ತು.

ಆ ಊರು ನಲವತ್ತು ವರ್ಷ ನದಿಗೆ ಬೆನ್ನು ಹಾಕಿಕೊಂಡು ಕೂತಿದ್ದ ಊರು. ದಂಡೆಯುದ್ದಕ್ಕೂ ಹಾಳು ಗೋದಾಮು, ತುಕ್ಕು ಹಿಡಿದ ತಗಡು, ಮೂಗು ಮುಚ್ಚಿಕೊಳ್ಳುವಷ್ಟು ಕಸ. ನೀರು ನೋಡಬೇಕು ಅಂದರೆ ಗೋಡೆಯ ತೂತಿಗೆ ಕಣ್ಣಿಡಬೇಕಿತ್ತು. ಈಗ ಅದನ್ನೆಲ್ಲ ಕಿತ್ತು, ಎರಡು ಎತ್ತರದ ಮನೆಗಳ ಕಟ್ಟಡ, ಒಂದು ಕಚೇರಿಗಳ ಕಟ್ಟಡ, ನೀರಿನ ಅಂಚಿಗೆ ಕಲ್ಲು ಹಾಸಿದ ನಡಿಗೆ ದಾರಿ, ಇಳಿಯೋಕೆ ಮೆಟ್ಟಿಲು, ಕೂರೋಕೆ ಬೆಂಚು. ಬೇಲಿಯ ಮೇಲೆ ದೊಡ್ಡ ಬೋರ್ಡಿನಲ್ಲಿ ಅದರ ಚಿತ್ರ ಬೇರೆ. ಆ ಚಿತ್ರದಲ್ಲಿ ಓಡಾಡುವ ಜನಕ್ಕೆ ಬೆವರೇ ಬರೋದಿಲ್ಲ, ಎಲ್ಲರೂ ನಗುತ್ತಲೇ ಇರುತ್ತಾರೆ. ಜನ ಖುಷಿಪಟ್ಟರು, ಯಾಕೆ ಪಡಬಾರದು? ಮೋಟಾರಣ್ಣನೂ ಪಟ್ಟ. ಕಟ್ಟಿಸುತ್ತಿದ್ದ ಕಂಪನಿ ಹೊಳೆಯ ಕೆಳಗಡೆಗೂ ಇನ್ನೂ ಆರು ಕಡೆ ಇಂಥದ್ದೇ ಕೆಲಸ ಹಚ್ಚಿತ್ತು.

ಕಟ್ಟಡಗಳ ಕೆಳಗೆ ಕಾರು ನಿಲ್ಲಿಸಲು ಎರಡು ಅಂತಸ್ತಿನ ಆಳ ಬೇಕಂತೆ. ಹೊಳೆಯ ಪಕ್ಕದಲ್ಲಿ ಅಷ್ಟು ಆಳ ಅಗೆದರೆ ನೀರು ಸುಮ್ಮನಿರುತ್ತದೆಯೇ? ಅಗೆದಷ್ಟೂ ಉಕ್ಕಿತು. ಮೋಟಾರಣ್ಣ ಎಳೆದು ಎಳೆದು ಹೊಳೆಗೇ ಬಿಟ್ಟ. ಎರಡನೇ ವಾರಕ್ಕೇ ನದಿ ಕಚೇರಿಯ ಮೇಡಂ ಬಂದು, ಹೊಳೆಗೆ ಬೀಳುತ್ತಿದ್ದ ಕೆಂಪು ರಾಡಿ ನೋಡಿ ಕೆಂಡವಾದರು. "ಇನ್ನೊಂದು ಸಲ ಈ ಬಣ್ಣ ಕಂಡರೆ ಕೆಲಸ ನಿಲ್ಲಿಸಿಬಿಡ್ತೀನಿ" ಅಂದರು. ಎಂಜಿನಿಯರ್ ಮುಖ ಸಣ್ಣಗಾಯಿತು. ಆಗ ನಮ್ಮ ಮೋಟಾರಣ್ಣ ಯಾರನ್ನೂ ಕೇಳದೆ, ಇಟ್ಟಿಗೆ ಸಿಮೆಂಟು ತರಿಸಿ, ಮೂರು ಕೋಣೆಯ ಒಂದು ತೊಟ್ಟಿ ಕಟ್ಟಿಸಿದ. ಪಂಪಿನ ನೀರು ಮೊದಲ ಕೋಣೆಗೆ ಬಿದ್ದು, ದಣಿವಾರಿಸಿಕೊಂಡು, ಎರಡನೆಯದಕ್ಕೆ ಹರಿದು, ಮೂರನೆಯದರಿಂದ ಹೊಳೆಗೆ ಇಳಿಯುವಾಗ ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ಮೇಡಂ ಕೈಕುಲುಕಿದರು, ತೊಟ್ಟಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದರು. ಅವತ್ತು ಅವನ ಕಾಲು ನೆಲದ ಮೇಲೆ ಇರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಆ ಮೂರನೇ ಕೋಣೆಯ ಬಾಯಲ್ಲಿ ಗಾಜಿನ ಬಾಟಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಪುಸ್ತಕದಲ್ಲಿ 'ತಿಳಿ' ಅಂತ ಬರೆದು ಸಹಿ ಹಾಕುವುದು. ಶನಿವಾರ ತೊಟ್ಟಿ ಖಾಲಿ ಮಾಡಿ, ತಳದ ಹೂಳೆತ್ತಿ ಟ್ರ್ಯಾಕ್ಟರಿಗೆ ತುಂಬುವುದು. ಆ ಮರಳು ನಡಿಗೆ ದಾರಿಯ ಕಲ್ಲುಗಳ ಕೆಳಗೆ ಹೋಗುತ್ತಿತ್ತು, ಒಂದು ಹಿಡಿಯೂ ದಂಡವಾಗುತ್ತಿರಲಿಲ್ಲ. ಮೊದಮೊದಲು ವಾರಕ್ಕೊಂದು ಟ್ರ್ಯಾಕ್ಟರ್. ಆಮೇಲೆ ಎರಡು. ಈಗ ನಾಲ್ಕು. "ನೋಡಿ, ನನ್ನ ತೊಟ್ಟಿ ಪಳಗಿದಂಗೆಲ್ಲ ಜಾಸ್ತಿ ಹಿಡೀತಾ ಇದೆ" ಅಂತ ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಕೇಳಿದವರು ಹೌದೌದು ಅನ್ನುತ್ತಿದ್ದರು.

ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ಬೇಲಿಯ ಆಚೆಗೇ ಆ ಓಣಿ, ಹನ್ನೆರಡು ಮನೆ, ಒಂದಕ್ಕೊಂದು ಹೆಗಲು ಕೊಟ್ಟು ನಿಂತವು. ಕಂಪನಿಯವರು ಓಣಿಯನ್ನೂ ಕೇಳಿದ್ದರು. ಕೊಡೋದಿಲ್ಲ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತವಳು ಅಕ್ಕ. "ಇಷ್ಟು ವರ್ಷ ನಾತ ಕುಡಿದವರು ನಾವು. ಈಗ ಹೊಳೆ ಕಣ್ಣಿಗೆ ಕಾಣೋ ಕಾಲ ಬಂದಾಗ ನಾವ್ಯಾಕೆ ಜಾಗ ಬಿಡಬೇಕು?" ಅಂದಿದ್ದಳು. ಓಣಿ ಪೂರ್ತಿ ಅವಳ ಹಿಂದೆ ನಿಂತಿತ್ತು. ಅಳತೆ ಮಾಡಲು ಬಂದ ಹುಡುಗರನ್ನು ಪೊರಕೆ ಹಿಡಿದು ಬೀದಿಯ ಕೊನೆವರೆಗೆ ಅಟ್ಟಿಕೊಂಡು ಹೋದದ್ದನ್ನು ಈಗಲೂ ನೆನೆದು ನಗುತ್ತಾರೆ.

ಆ ಮಂಗಳವಾರವೂ ಅವನು ಕೈಕಾಲು ತೊಳೆದು ಎಲೆ ಮುಂದೆ ಕೂತ. ಭಾವ ಬಡಗಿ, ತಲೆಗೂದಲಲ್ಲೆಲ್ಲ ಮರದ ಸಿಪ್ಪೆ ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದು ಕೂತ.

"ಭಾವಮೈದ, ನಿನ್ನ ಕಂಪನಿ ಹೊಟ್ಟೆ ತಣ್ಣಗಿರಲಿ! ಈ ತಿಂಗಳಲ್ಲಿ ಹದಿನೇಳು ಬಾಗಿಲು ಕೀಸಿದ್ದೀನಿ. ಓಣಿ ಬಿಟ್ಟು ಆಚೆ ಹೋಗೋಕೇ ಪುರುಸೊತ್ತಿಲ್ಲ."

"ಹೊಳೆ ತೇವಕ್ಕೆ ಮರ ಉಬ್ಬಿರಬೇಕು" ಅಂದಳು ಅಕ್ಕ, ಬಡಿಸುತ್ತಾ.

"ಉಬ್ಬೋದಾ? ಮರದ ವಿಷಯ ನನಗೆ ಹೇಳಿಕೊಡ್ತೀಯಾ? ಮರ ಉಬ್ಬಿದರೆ ಎಲ್ಲಾ ಕಡೆ ಒತ್ತುತ್ತೆ. ಇದು ಹಾಗಲ್ಲ ಕಣೇ. ಯಾರ ಮನೇಲಿ ನೋಡು, ಮೇಲಿನ ಮೂಲೆ, ಅದೂ ಹೊಳೆ ಕಡೆ ಮೂಲೆ ಮಾತ್ರ. ಅಲ್ಲಿ ಒಂದಿಷ್ಟು ಕೀಸಿದೆ ಅಂದರೆ ಬಾಗಿಲು ಬೆಣ್ಣೆ. ಹದಿನೈದು ದಿನ ಬಿಟ್ಟು ನೋಡಿದರೆ ಮತ್ತೆ ಅದೇ ಮೂಲೆ, ಮತ್ತೆ ನಾನು!"

"ಬಾಗಿಲಿಗೂ ಹೊಳೆ ಕಡೆ ಬಗ್ಗಿ ನೋಡೋ ಆಸೆ ಬಂದಿದೆ ಬಿಡಿ" ಅಂತ ಅಕ್ಕ ನಕ್ಕಳು. ಭಾವನೂ ನಕ್ಕ. ಮೋಟಾರಣ್ಣ ಮಾತ್ರ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಟ್ಟ: ಮನೆಗಳೇ ಹೊಳೆ ಕಡೆ ಬಾಗುತ್ತಿದ್ದರೆ ತಾನೆ ಎಲ್ಲ ಬಾಗಿಲೂ ಒಂದೇ ಮೂಲೆ ಹಿಡಿಯೋದು?

ಅವನಿಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ ಬೈಗುಳದ ಮಧ್ಯೆ ಒಂದೇ ಒಂದು ಮಾತನ್ನು ಬೈಯದೆ ಹೇಳಿದ್ದ: ನೀರು ಎಳಿ, ಮಣ್ಣು ಎಳೀಬೇಡ, ಮಣ್ಣು ಬರ್ತಿದೆ ಅಂದರೆ ಯಾರದ್ದೋ ಮನೆ ಬರ್ತಿದೆ ಅಂತ ತಿಳ್ಕೋ. ಅದಕ್ಕೇ ಪಂಪಿನ ಬಾಯಲ್ಲಿ ಬೀಳುವ ನೀರಿನ ಬಣ್ಣ ನೋಡಿ ಬರೆಯುವ ಪುಸ್ತಕ ಅಂತ ಒಂದು ಇರೋದು. ಪಂಪಿನ ಬಾಯಲ್ಲಿ! ತೊಟ್ಟಿಯ ಬಾಯಲ್ಲಲ್ಲ. ಹೊಳೆ ರಾಡಿಯಾಗಬಾರದು ಅಂತ ಕಟ್ಟಿದ ತೊಟ್ಟಿಯ ಚಂದಕ್ಕೆ ಮರುಳಾಗಿ, ಅವನು ಐದು ತಿಂಗಳಿಂದ ಬಾಟಲಿಯನ್ನು ತಪ್ಪು ಕಡೆ ಹಿಡಿಯುತ್ತಿದ್ದ. ಅತ್ತ ಇವನು ನೀರು ತಿಳಿ ಮಾಡುತ್ತಿದ್ದ, ಇತ್ತ ಭಾವ ಬಾಗಿಲು ಕೀಸಿ ಸರಿ ಮಾಡುತ್ತಿದ್ದ. ನೆಲ ಬಾಯಿಬಿಟ್ಟು ಕೂಗುತ್ತಿದ್ದರೆ ಇಬ್ಬರೂ ಸೇರಿ ಅದರ ಬಾಯಿ ಒರೆಸುತ್ತಿದ್ದರು.

ಅರ್ಧ ಊಟಕ್ಕೆ ಎದ್ದ. "ಯಾಕೋ, ಉಪ್ಪು ಜಾಸ್ತಿ ಆಯ್ತಾ?" ಅಂತ ಅಕ್ಕ ಕೇಳುತ್ತಿದ್ದಂತೆಯೇ ಹೊರಟುಬಿಟ್ಟ.

ಪಂಪಿನ ಕೊಳವೆ ಮೊದಲ ಕೋಣೆಗೆ ಬೀಳುವ ಜಾಗದಲ್ಲಿ ಬಾಟಲಿ ಹಿಡಿದ. ಕಟ್ಟೆಯ ಮೇಲಿಟ್ಟು ಕಾದ. ರಾಡಿ ಮೆಲ್ಲಗೆ ಇಳಿಯಿತು. ಒಂದು ಬೆರಳು, ಎರಡು ಬೆರಳು. ಮೂರು ಬೆರಳು ಮರಳು ನಿಂತಿತು. ವಾರಕ್ಕೆ ನಾಲ್ಕು ಟ್ರ್ಯಾಕ್ಟರ್ ಅಂದರೆ ಅಷ್ಟು ಜಾಗ ಎಲ್ಲೋ ಖಾಲಿ ಆಗಿರಲೇಬೇಕು. ಗುಂಡಿಯ ರಸ್ತೆ ಕಡೆಗೆ ಗಟ್ಟಿ ಬಂಡೆ, ಅದು ಅವನಿಗೆ ಗೊತ್ತು. ಮರಳು ಇರೋದು ಓಣಿಯ ಕಡೆ.

ಬಾಟಲಿ ಹಿಡಿದುಕೊಂಡು ಎಂಜಿನಿಯರ್ ಕೋಣೆಗೆ ಓಡಿದ. ಎಂಜಿನಿಯರ್ ಚಿಕ್ಕ ವಯಸ್ಸಿನವನು, ಕೆಟ್ಟ ಮನುಷ್ಯನೇನಲ್ಲ, ಆದರೆ ಮೇಲಿನವರ ಫೋನು ಬಂದು ಬಂದು ಅವನ ಕಿವಿಗೆ ಬೇರೇನೂ ಹೋಗುತ್ತಿರಲಿಲ್ಲ.

"ಒಂಬತ್ತೇ ದಿನ ಮೋಟಾರಣ್ಣ. ತಳಕ್ಕೆ ಕಾಂಕ್ರೀಟ್ ಬಿದ್ದರೆ ನೀರಿನ ಕಥೆ ಮುಗೀತು. ಈಗ ಪಂಪು ನಿಲ್ಲಿಸಿದರೆ ಕಟ್ಟಿರೋ ಕಬ್ಬಿಣ ಎಲ್ಲಾ ಮುಳುಗುತ್ತೆ."

"ಓಣಿ ಕೆಳಗೆ ಟೊಳ್ಳು ಬಿದ್ದಿದೆ ಸಾರ್. ಅಲ್ಲಿ ಜನ ಇದ್ದಾರೆ."

"ನೆಲ ಕುಸೀತಾ ಇದೆಯಾ ಅಂತ ವಾರ ವಾರ ಅಳೀತೀವಿ. ಒಂದು ಕೂದಲಷ್ಟೂ ಇಳಿದಿಲ್ಲ."

"ಎಲ್ಲಿ ಅಳೀತೀರಿ? ರಸ್ತೆ ಕಡೆ ತಾನೆ?"

"ಮತ್ತೆ? ಓಣಿಯೊಳಗೆ ಗುರುತು ಹಾಕೋಕೆ ಹೋದ ಹುಡುಗರಿಗೆ ನಿಮ್ಮಕ್ಕ ಪೊರಕೆ ಸೇವೆ ಮಾಡಲಿಲ್ವಾ?" ಅಂದವನು ಪುಸ್ತಕ ತೆಗೆದು ಹಾಳೆ ಮೇಲೆ ಹಾಳೆ ತಿರುವಿದ. "ನೋಡು. ತಿಳಿ, ತಿಳಿ, ತಿಳಿ. ನೂರೈವತ್ತು ದಿನ. ಯಾರ ಸಹಿ ಇದು? ನಾಳೆ ಏನಾದರೂ ಆದರೆ ಇದನ್ನೇ ಎಲ್ಲರೂ ಓದೋದು. ಯೋಚನೆ ಮಾಡಿ ಮಾತಾಡು."

ತನ್ನ ಕೈಬರಹವನ್ನು ಮೋಟಾರಣ್ಣ ಅವತ್ತು ಮೊದಲ ಸಲ ಅನ್ನುವಂತೆ ನೋಡಿದ. ದುಂಡಗೆ, ಒಂದು ಚಿತ್ತೂ ಇಲ್ಲದೆ ಬರೆದಿದ್ದ. ನಾಚಿಕೆಯಿಂದ ಅವನ ಕಿವಿ ಸುಟ್ಟಂತಾಯಿತು. ಹೊರಗೆ ಬಂದು, ಮೊದಲ ಕೋಣೆಯ ತಳದಿಂದ ಒಂದು ಬಕೆಟ್ ಹೂಳು ತುಂಬಿಕೊಂಡು ಓಣಿಗೆ ನಡೆದ.

"ಅಕ್ಕ, ಮನೆ ಬಿಡು. ಈಗಲೇ. ಉಟ್ಟ ಬಟ್ಟೇಲಿ ಹೊರಡು."

ಅಕ್ಕ ಪಾತ್ರೆ ಉಜ್ಜುತ್ತಿದ್ದಳು. ಕೈ ನಿಂತಿತು. ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ: ತೊಟ್ಟಿ, ಬಾಟಲಿ, ಮರಳು, ಬಾಗಿಲ ಮೂಲೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಕಲ್ಲಾಯಿತು.

"ಮೊದಲು ದಲ್ಲಾಳೀನ ಕಳಿಸಿದರು. ಆಮೇಲೆ ವಕೀಲನ್ನ ಕಳಿಸಿದರು. ಈಗ ಒಡಹುಟ್ಟಿದವನನ್ನೇ ಕಳಿಸಿದರಾ? ಭೇಷ್! ದಿನಾ ಇದೇ ಮನೇಲಿ ಉಂಡು ಹೋಗಿ ಇಂಥಾ ಕೆಲಸಕ್ಕೆ ಇಳಿದೆಯಲ್ಲೋ. ಅಪ್ಪ ಇದ್ದಿದ್ದರೆ ನಿನ್ನ ಚರ್ಮ ಸುಲೀತಿದ್ದರು."

"ಯಾರೂ ಕಳಿಸಿಲ್ಲ ಕಣಕ್ಕ. ನಿನ್ನಾಣೆ!"

"ನನ್ನ ಮೇಲೆ ಆಣೆ ಬೇರೆ ಹಾಕ್ತಾನೆ! ಎದ್ದು ಹೋಗು."

ಬಾಯಿಮಾತಿಗೆ ಅಕ್ಕ ಬಗ್ಗುವವಳಲ್ಲ, ಹುಟ್ಟಿದಾಗಿನಿಂದ ಬಗ್ಗಿದ್ದಿಲ್ಲ. ಅವನು ಬಕೆಟ್ಟನ್ನೆತ್ತಿ ನಡುಮನೆಯ ನೆಲದ ಮೇಲೆ ಸುರಿದುಬಿಟ್ಟ. "ಅಯ್ಯೋ ನಿನ್ನ! ಈಗ ತಾನೇ ಒರೆಸಿದ್ದು!" ಅಂತ ಅಕ್ಕ ಕೈಯೆತ್ತಿ ಬಂದಳು. ಬಂದವಳು ಹಾಗೇ ನಿಂತಳು. ಒದ್ದೆ ಮರಳಿನ ನಡುವೆ ಕಪ್ಪು ಚೂರುಗಳಿದ್ದವು, ಗುಳ್ಳೆ ಗುಳ್ಳೆಯಾಗಿ, ಸುಟ್ಟ ಬೆಲ್ಲದ ಹಾಗೆ. ಕೂತು ಒಂದನ್ನು ಎತ್ತಿಕೊಂಡಳು, ಇನ್ನೊಂದನ್ನು ಎತ್ತಿಕೊಂಡಳು, ಸೆರಗಿನಿಂದ ಒರೆಸಿದಳು.

"ಇದು ಕಿಟ್ಟ ಕಣೋ."

ಅವರ ಅಪ್ಪ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ದುಡಿದವನು. ಈ ಮನೆ ಕಟ್ಟುವಾಗ ಗೆದ್ದಲು ಹತ್ತಬಾರದು ಅಂತ ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಈ ಕಿಟ್ಟವನ್ನೇ ನೆಲದಡಿ ತುಂಬಿಸಿದ್ದ. ಹೊತ್ತವರು ಈ ಇಬ್ಬರೇ, ಪುಟ್ಟಿ ತುಂಬಿಸಿ, ತಲೆ ಮೇಲೆ ಸಿಂಬೆ ಇಟ್ಟು. ಇಡೀ ಹೊಳೆ ದಂಡೆಯಲ್ಲಿ ಕಿಟ್ಟ ಇದ್ದದ್ದು ಆ ಒಂದು ಮನೆಯ ನೆಲದ ಕೆಳಗೆ ಮಾತ್ರ.

ಅಕ್ಕ ಎದ್ದಳು. ಒಳಗಿಂದ ಒನಕೆ ತಂದು ಬಾಗಿಲ ಹತ್ತಿರ ನೆಲಕ್ಕೆ ಕುಟ್ಟಿದಳು. ಗಟ್ಟಿ ಸದ್ದು. ನಡುಮನೆಯಲ್ಲಿ ಕುಟ್ಟಿದಳು. ಗಟ್ಟಿ. ಹಿಂದಿನ ಕೋಣೆಯಲ್ಲಿ, ಅವಳು ಮೂವತ್ತು ವರ್ಷ ಮಲಗಿದ ಮಂಚದ ಪಕ್ಕ ಕುಟ್ಟಿದಳು. ನೆಲ ಡೋಲಿನ ಹಾಗೆ ಗುಂಯ್ ಅಂದಿತು. ಒನಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ತುದಿಗಾಲಲ್ಲಿ ಹಿಂದೆ ಹಿಂದೆ ಬಂದಳು.

"ತಮ್ಮಾ," ಅಂದಳು, "ನನ್ನ ಮನೇನ ನೀನು ಬಕೆಟ್ ಬಕೆಟ್ ಹೊತ್ತು ಹಾಕಿದೆಯಲ್ಲೋ."

ಅವನು ಅತ್ತುಬಿಟ್ಟ. ಅಕ್ಕ ಸಮಾಧಾನ ಮಾಡಲಿಲ್ಲ. ಅಳೋಕೆ ಆಮೇಲೆ ಟೈಮು ಇದೆ ಅಂದು ಅವನ ರಟ್ಟೆ ಹಿಡಿದು ಹೊರಗೆ ದಬ್ಬಿದಳು. ಭಾವನನ್ನು ಕೂಗಿದಳು, ಅವನು ಕೊನೇ ಮನೆ ಗುಡುಗಜ್ಜಿಯ ಬಾಗಿಲು ಕೀಸಲು ಹೋಗಿದ್ದ. ಓಣಿಯ ಮನೆಮನೆಗೂ ಹೋಗಿ ಬಾಗಿಲು ಬಡಿದಳು.

ಇಲ್ಲಿ ನೋಡಿ ವಿಧಿಯಾಟ. ಎರಡು ವರ್ಷ 'ಯಾರೂ ಜಾಗ ಬಿಡಬೇಡಿ' ಅಂತ ಬಡಿದುಕೊಂಡವಳೇ ಇವತ್ತು 'ಎದ್ದು ಬನ್ನಿ' ಅಂದರೆ ಯಾರು ನಂಬುತ್ತಾರೆ? ಪಕ್ಕದ ಮನೆಯ ದರ್ಜಿ ಕಿಟಕಿಯಿಂದಲೇ ಕತ್ತು ಹಾಕಿ, "ಕೊನೆಗೂ ನೀನೇ ಮೊದಲು ಬಗ್ಗಿದೆಯಾ ತಾಯಿ" ಅಂದ. ಎದುರು ಮನೆಯವಳು, "ತಮ್ಮ ಕಂಪನಿ ಕೂಳು ತಿಂತಾನೆ, ಅಕ್ಕ ಕಂಪನಿ ಹಾಡು ಹಾಡ್ತಾಳೆ" ಅಂತ ಬಾಗಿಲು ಜಡಿದಳು. ಮೂಲೆ ಹಿಡಿಯುತ್ತಿದ್ದ ಬಾಗಿಲು ಅದು, ಎರಡು ಸಲ ಭುಜ ಕೊಟ್ಟು ನೂಕಿದ ಮೇಲೆ ಮುಚ್ಚಿತು. ನೂಕುವಾಗ ಗೋಡೆಯಿಂದ ಗಾರೆ ಉದುರಿದ್ದನ್ನು ಮೋಟಾರಣ್ಣ ಕಂಡ. ಕೊನೇ ಮನೆಯೊಳಗಿಂದ ಭಾವ, "ಇದೊಂದು ಮೂಲೆ ಮುಗಿಸಿ ಬಂದೆ" ಅಂದ. ಒಂದು ಮನೆಯಿಂದಲೂ ಜನ ಹೊರಡಲಿಲ್ಲ.

"ಅಕ್ಕ, ಪಂಪು ನಿಲ್ಲಿಸ್ತೀನಿ" ಅಂದ ಅವನು.

"ನಿಲ್ಲಿಸಿದರೆ ಮನೆ ಉಳೀತದಾ?"

"ಗೊತ್ತಿಲ್ಲ. ಹೋಗೋ ಮಣ್ಣು ನಿಲ್ಲುತ್ತೆ. ನೀರು ವಾಪಸ್ ಏರುತ್ತೆ. ಟೊಳ್ಳು ನೆನೆದರೆ ಏನಾಗುತ್ತೋ ಹೇಳೋಕಾಗಲ್ಲ."

"ಒಂಬತ್ತು ದಿನ ಮಣ್ಣು ಹೋಗ್ತಾ ಇದ್ದರೆ ಏನಾಗುತ್ತೆ ಅಂತ ಹೇಳಬಹುದಲ್ಲ? ನಡಿ."

ಬೇಲಿಯ ಸಂದಿಯಿಂದ ಇಬ್ಬರೂ ನುಗ್ಗಿದರು. ಗುಂಡಿಯ ತಳದಲ್ಲಿ ಕಬ್ಬಿಣ ಕಟ್ಟುತ್ತಿದ್ದವರಿಗೆ ಮೇಲೆ ಹತ್ತಿ ಬರಲು ಕೂಗಿ ಹೇಳಿದ. ಅವರೆಲ್ಲ ಹತ್ತಿ ಮುಗಿಯುವ ತನಕ ಕಾದು, ಮೋಟಾರಣ್ಣ ಇಪ್ಪತ್ತೆರಡು ವರ್ಷದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮುಟ್ಟದ ಕೆಂಪು ಸ್ವಿಚ್ಚು ಒತ್ತಿದ. ಮೊದಲ ಪಂಪು ನಿಂತಿತು. ಎರಡನೆಯದೂ ನಿಂತಿತು.

ಐದು ತಿಂಗಳು ಹಗಲೂ ರಾತ್ರಿ ಕಿವಿಯಲ್ಲಿ ಮನೆ ಮಾಡಿಕೊಂಡಿದ್ದ ಸದ್ದು ಇದ್ದಕ್ಕಿದ್ದಂತೆ ಇಲ್ಲವಾದರೆ ಹೇಗಿರುತ್ತದೆ? ಅಕ್ಕನ ಮಾತಿಗೆ ಅಲ್ಲಾಡದ ಓಣಿ ಆ ಮೌನಕ್ಕೆ ಎದ್ದು ಬಂತು. ದರ್ಜಿ ಹೊಲಿಗೆ ಬಿಟ್ಟು ಬಂದ, ಎದುರು ಮನೆಯವಳು ಮಗು ಎತ್ತಿಕೊಂಡು ಬಂದಳು, ಮಲಗಿದ್ದವರು ಕಣ್ಣುಜ್ಜಿಕೊಳ್ಳುತ್ತಾ ಬಂದರು. ಏನಾಯ್ತು, ಯಾಕೆ ನಿಂತಿತು, ಕರೆಂಟು ಹೋಯ್ತಾ ಅಂತ ಎಲ್ಲರೂ ಬೇಲಿಗೆ ಬಂದು ಅಂಟಿಕೊಂಡರು. ಅಕ್ಕ ಬೇಲಿಯ ಇತ್ತ ನಿಂತು ಒಂದೊಂದೇ ತಲೆ ಎಣಿಸುತ್ತಿದ್ದಳು. ಎರಡು ಕಮ್ಮಿ ಬಂತು.

ಆಗ ಕೇಳಿಸಿತು, ಓಣಿಯ ಕೊನೆಯಿಂದ: ಸರ್, ಸರ್, ಸರ್. ಕೀಸುಳಿಯ ಸದ್ದು. ಗುಡುಗಜ್ಜಿಯ ಬಾಗಿಲು ಒಳಗಿನಿಂದ ಪೂರಾ ಹಿಡಿದುಕೊಂಡಿತ್ತು. ಭಾವ ಒಳಗೆ ಸಿಕ್ಕಿಕೊಂಡು, ಸಾವಧಾನವಾಗಿ, ಮೂಲೆ ಕೀಸುತ್ತಿದ್ದ.

"ರೀ! ಕೀಸೋದು ಬಿಡ್ರೀ! ಒದ್ದು ಮುರೀರಿ ಅದನ್ನ!" ಅಂತ ಅಕ್ಕ ಕಿರುಚಿದಳು.

ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಬಾಗಿಲು ಮುರಿ ಅಂದರೆ ಭಾವನಿಗೆ ಯಾರೋ ಹುಚ್ಚರು ಕೂಗಿದ ಹಾಗೆ ಕೇಳಿಸಿರಬೇಕು. ಮೋಟಾರಣ್ಣ ಬೇಲಿ ಹಾರಿ ಓಡಿದ. ಓಡುವಾಗ ಕಾಲ ಕೆಳಗೆ ನೆಲ ಹಾಸಿಗೆಯ ಹಾಗೆ ಮೆತ್ತಗಿತ್ತು. ಹೊರಗಿನಿಂದ ಒದ್ದ, ಮೈಯಲ್ಲಿದ್ದ ಬಲ ಎಲ್ಲ ಹಾಕಿ ಮೂರು ಸಲ ಒದ್ದ. ಹಲಗೆ ಸೀಳಿತು. "ಅಯ್ಯೋ ಪಾಪಿ, ಇನ್ನೊಂದು ಎಳೆ ಕೀಸಿದ್ದರೆ ಸಾಕಿತ್ತು!" ಅಂದ ಭಾವ. ಅಜ್ಜಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ಅಜ್ಜಿ ತನ್ನ ಹೆಸರಿಗೆ ತಕ್ಕ ದನಿಯಲ್ಲಿ ಬಾಗಿಲಿಗೆ ಯಾರು ಜವಾಬ್ದಾರಿ ಅಂತ ಗುಡುಗುತ್ತಿದ್ದಳು.

ಅಷ್ಟರಲ್ಲಿ ಎಂಜಿನಿಯರ್ ಬಂದಿದ್ದ. ಗುಂಡಿಯಲ್ಲಿ ಕಬ್ಬಿಣದ ಮೇಲೆ ನೀರು ಏರುತ್ತಿತ್ತು. ಅಕ್ಕ ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಳು.

"ಸರಿಯಮ್ಮ ಆಚೆ! ಏನ್ ಬಿದ್ದಿದೆ ಅಲ್ಲಿ? ತೋರಿಸು, ಏನ್ ಬಿದ್ದಿದೆ?"

ಅವಳು ತೋರಿಸಬೇಕಾಗಲಿಲ್ಲ. ಹಿಂದೆ ಓಣಿಯಲ್ಲಿ ಯಾರೋ ಭಾರವಾದ ನಿಟ್ಟುಸಿರು ಬಿಟ್ಟ ಹಾಗಾಯಿತು. ಸಿಡಿಲಿಲ್ಲ, ಗುಡುಗಿಲ್ಲ. ಅಕ್ಕನ ಮನೆ ಹಿಂಬದಿಯಿಂದ ಕೂತುಕೊಳ್ಳುತ್ತಾ ಬಂತು. ಹಿಂದಿನ ಕೋಣೆ, ನಡುಮನೆ, ಆಮೇಲೆ ಮಾಡು. ಹೆಗಲು ಕೊಟ್ಟಿದ್ದ ದರ್ಜಿಯ ಮನೆ ಒಂದು ಕ್ಷಣ ಹಾಗೇ ನಿಂತು, ಆಮೇಲೆ ಅದೂ ಒರಗಿತು. ಧೂಳು ಎದ್ದಿತು. ಬೇಲಿ ಹಿಡಿದಿದ್ದ ಜನ ಎಲ್ಲ ಆ ಕಡೆ ತಿರುಗಿದರು. ಅಕ್ಕ ಮಾತ್ರ ತಿರುಗಿ ನೋಡಲಿಲ್ಲ.

"ಎಲ್ಲಾ ಇದ್ದಾರಾ?" ಅಂದಳು.

"ಎಲ್ಲಾ ಇದ್ದಾರೆ ಅಕ್ಕ."

ಎಂಜಿನಿಯರ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. "ನಿನ್ನ ತೊಟ್ಟಿ..." ಅಂದ. "ನಿನ್ನ ತೊಟ್ಟಿ ನಕ್ಷೆ ತೆಗೆಸಿ ಕಳಿಸಿದ್ದೆ. ಎಲ್ಲರಿಗೂ ತುಂಬಾ ಇಷ್ಟ ಆಯ್ತು. ದಂಡೆ ಮೇಲಿನ ಆರೂ ಗುಂಡಿಗಳಲ್ಲೂ ಅದನ್ನೇ ಕಟ್ಟಿಸಿದ್ದಾರೆ."

ಮೋಟಾರಣ್ಣ ಕಿವಿಗೊಟ್ಟ. ತನ್ನ ಪಂಪು ನಿಂತ ಮೇಲೆ ಈಗ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು: ಹೊಳೆಯ ಕೆಳಗಡೆಗೆ, ಸಾಲು ಮನೆಗಳು ಒತ್ತಾಗಿರುವ ಕಡೆಯಿಂದ, ಒಂದರ ಹಿಂದೆ ಒಂದು ಪಂಪು, ಒಂದೂ ನಿಲ್ಲದೆ ನೀರೆಳೆಯುತ್ತಿದ್ದವು. ಅವನ್ನೂ ನಿಲ್ಲಿಸಲು ಅವನು ಹೊಸ ನಡಿಗೆ ದಾರಿಗೆ ಹಾರಿ ಓಡತೊಡಗಿದ.